ಸದ್ದಿನ ಕಪಾಟು

ಲೈಪ್ಸಿಗ್ಗಿನ ಈ ನೆಲಮಾಳಿಗೆಯಲ್ಲಿ
ಇಪ್ಪತ್ತಾರು ವರ್ಷದಿಂದ ನಾನು
ಪರದೇಶದ ಸಿನಿಮಾಗಳಿಗೆ ಜರ್ಮನ್ ನಾಲಗೆ ಹೊಲಿಯುವವನು.
ಕಪಾಟಿನ ತುಂಬ ಸದ್ದುಗಳು.
ಒಂದೊಂದಕ್ಕೂ ಚೀಟಿ. ಅಕ್ಷರ ನನ್ನದೇ.

ಮಳೆಯೇ ನೂರಾ ಅರವತ್ತು ಬಗೆ:
ತಗಡಿನ ಮೇಲೆ ತಟತಟ, ಓಕ್ ಎಲೆಯ ಮೇಲೆ ಪಿಸಪಿಸ,
ಕೊಡೆಯ ಮೇಲೆ, ಕೊಡೆ ಮರೆತವನ ಕೋಟಿನ ಮೇಲೆ,
ನಿಂತಂತೆ ಮಾಡಿ ಮತ್ತೆ ತೊಟ್ಟಿಕ್ಕುವ ಭಾನುವಾರದ್ದು.
ಬಾಗಿಲು ಇನ್ನೂರ ಹನ್ನೊಂದು.
ಸಿಟ್ಟಿನ ಬಾಗಿಲು, ಕಳ್ಳ ಬಾಗಿಲು,
ಪಾದ್ರಿ ಮನೆಯ ಎಣ್ಣೆ ಕಾಣದ ಕೀಲು, ಕಿರ್ರ್.

ತೀರ ಕೆಳಗಿನ ಅರೆ, ಮಂಡಿಯೂರಿದರೆ ಮಾತ್ರ ಕಾಣುವುದು.
ಆಫ್ರಿಕಾ: ಡೋಲು, ಒಂದರಿಂದ ಒಂಬತ್ತು.
ಏಷ್ಯಾ: ಕೊಳಲು, ಜಾಗಟೆ.
ಅರಬ್ಬರು: ಗಾಳಿ, ಹೆಂಗಸರ ಅಳು.

ಎಷ್ಟು ಸಲ ಮಂಡಿಯೂರಿದ್ದೇನೋ,
ತೆಗೆದು, ಒರೆಸಿ, ಒಳಗಿಟ್ಟಿದ್ದೇನೋ.
ಕಿವಿಯೇ ನನ್ನ ಕಸುಬು.
ಕೇಳಿಸಿರಲಿಲ್ಲ.

ಮಂಗಳವಾರ ಹೈಕೆ ಮಶಾವಾ ಬರುತ್ತಾಳೆ.
ಅವಳಪ್ಪ ಮೊಜಾಂಬಿಕ್‌ನವನು,
ಇಲ್ಲಿಯ ನೂಲಿನ ಗಿರಣಿಯಲ್ಲಿ ದುಡಿದವನು.
ಗೋಡೆ ಬಿತ್ತು, ಗಿರಣಿ ಮುಚ್ಚಿತು, ಅವನನ್ನು ವಿಮಾನ ಹತ್ತಿಸಿದರು.
ಎಂಟು ವರ್ಷದ ಹುಡುಗಿ ಅಜ್ಜಿಯ ಬಳಿ ಉಳಿದಳು.
ನಾನು ನುಂಗುವ ಪ್ರತ್ಯಯಗಳನ್ನೂ
ಬಿಡಿಸಿ ಬಿಡಿಸಿ ನುಡಿಯುವ ಜರ್ಮನ್ ಅವಳದು.

ಗಾಜಿನಾಚೆ ನಿರ್ದೇಶಕ ಎಕ್‌ಹಾರ್ಟ್
(ಒಳ್ಳೆಯವನೇ, ಅವಳ ಹುಟ್ಟುಹಬ್ಬಕ್ಕೆ ತಪ್ಪದೆ ಹೂ ತರುವವನು)
ಹೇಳುತ್ತಾನೆ: "ಚೆನ್ನಾಗಿದೆ ಹೈಕೆ, ಆದರೆ ಸ್ವಲ್ಪ
ಹೊಟ್ಟೆಯಿಂದ ಬರಲಿ. ವ್ಯಾಕರಣ ಒಂಚೂರು ಮುರಿ.
ಅಡಿಗೆಯವಳಲ್ಲವೇ ಅವಳು."
ಹೈಕೆ ಮುರಿಯುತ್ತಾಳೆ.
ನಾನು ಗುಂಡಿ ಒತ್ತುತ್ತೇನೆ.
ಅಡಿಗೆಯವಳು, ದಾದಿ, ಕಳ್ಳನ ತಾಯಿ,
ನಾಯಕಿಗೆ ಬುದ್ಧಿ ಹೇಳಿ ಅರ್ಧ ಸಿನಿಮಾದೊಳಗೆ ಸಾಯುವ ಗೆಳತಿ.
"ಸಾಯೋದರಲ್ಲಿ ಪಳಗಿಬಿಟ್ಟಿದ್ದೇನೆ" ಎಂದಳೊಮ್ಮೆ
ಕಾಫಿಗೆ ಸಕ್ಕರೆ ಕಲಕುತ್ತ.
ಎಲ್ಲರೂ ನಕ್ಕೆವು.
ಆ ನಗು ಯಾವ ಟೇಪಿನಲ್ಲೂ ಇಲ್ಲ.
ಆದರೂ ಈಗ ಎಣಿಸಬಲ್ಲೆ:
ನಾಲ್ಕು ಗಂಟಲು. ಅವಳದಿಲ್ಲ.

ಫೆಬ್ರವರಿಯ ಕೊನೆಗೆ ಚೀಲದಿಂದ ಒಂದು ರೆಕಾರ್ಡರ್ ತೆಗೆದಳು.
ಮಾಪುಟೋಗೆ ಹೋಗಿದ್ದಳಂತೆ, ಅಪ್ಪನ ಮನೆಗೆ,
ನಲವತ್ತೆರಡನೇ ವಯಸ್ಸಿಗೆ ಮೊದಲ ಸಲ.
"ಕೇಳು."

ಫ್ರಿಜ್ಜೊಂದು ಗೊಣಗಿತು.
ನಾಲ್ಕನೇ ಮಹಡಿಗೆ ಹತ್ತಲೊಲ್ಲದ ಲಿಫ್ಟು ಏದುಸಿರುಬಿಟ್ಟಿತು.
ಯಾರೋ ಬೀಗದ ಕೈ ತಡಕಿದರು, ಈ ಜೇಬು, ಆ ಜೇಬು, ಮತ್ತೆ ಈ ಜೇಬು.
ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಳೆ,
ನನ್ನ ನೂರಾ ಅರವತ್ತರಲ್ಲಿ ಇಲ್ಲದ ಮಳೆ.
ಆಮೇಲೆ ಒಂದು ಕೆಮ್ಮು, ಮುದುಕನ ದನಿ,
ಗಿರಣಿಯಲ್ಲಿ ಕಲಿತ ಜರ್ಮನ್:
"ಚಿಲಕ ಹಾಕು ಮಗಳೇ, ಚಳಿ ಒಳಗೆ ಬರುತ್ತೆ."
ಬೆವರು ಸುರಿಯುವ ಊರಿನಲ್ಲಿ, ಮೂವತ್ತನಾಲ್ಕು ವರ್ಷದ ನಂತರ,
ನಮ್ಮ ಚಳಿ.

"ಯಾವ ಚೀಟಿ ಅಂಟಿಸ್ತೀಯ?" ಕೇಳಿದಳು.
ಪೆನ್ನಿನ ಮುಚ್ಚಳ ತೆಗೆದೆ.
ಹಾಕಿದೆ.

ಮರುವಾರದ ಸಿನಿಮಾ ಅಲ್ಲಿಯದೇ ಒಂದು ನಗರದ್ದು.
ಮೊದಲ ದೃಶ್ಯಕ್ಕೆ ಆ ಲಿಫ್ಟು ಕೂರಿಸಿದೆ.
"ಇದು ಆಫ್ರಿಕಾ ಅನ್ನಿಸೋಲ್ಲ ಕಣಯ್ಯ" ಎಂದ ಎಕ್‌ಹಾರ್ಟ್.
ಪಿಂಚಣಿಗಿನ್ನು ನಾಲ್ಕು ವರ್ಷ. ಮಾತು ಬಾಯಿಗೆ ಬಂದಿತ್ತು,
ನಾನು ಮಂಡಿಯೂರಿದೆ.
ಡೋಲು, ಮೂರು.
ಗಾಜಿನೊಳಗೆ ಹೈಕೆ ಹೆಡ್‌ಫೋನು ಹಾಕಿಕೊಂಡೇ ಕಾದಿದ್ದಳು.
ಅವಳಿಗೂ ಕೇಳಿಸಿತು.
ಹಾಳೆ ಮಗುಚಿದಳು.

ಈಗ ರಾತ್ರಿ. ಉಗುರಿನಿಂದ ಚೀಟಿ ಕೀಳುತ್ತಿದ್ದೇನೆ.
ಹಳೆಯ ಅಂಟು ಜಪ್ಪಯ್ಯ ಅನ್ನುವುದಿಲ್ಲ,
ಅರ್ಧ ಹರಿದು 'ಆಫ್ರಿ' ಉಳಿದಿದೆ.
ಡೋಲನ್ನು ಡೋಲುಗಳ ಜೊತೆ ಇಟ್ಟೆ, ಬವೇರಿಯದ ಬ್ಯಾಂಡಿನ ಮಗ್ಗುಲಲ್ಲಿ.
ಲಿಫ್ಟು ಲಿಫ್ಟುಗಳಲ್ಲಿ.
ಮಳೆ, ನೂರಾ ಅರವತ್ತೊಂದು.
ಬಾಗಿಲು, ಇನ್ನೂರ ಹನ್ನೆರಡು.
ಚಿಲಕ ಬೀಳುವ ಸದ್ದಿಗೆ ಆ ಕೆಮ್ಮು ಅಂಟಿಕೊಂಡಿದೆ.
ಕತ್ತರಿಸಬಹುದು, ಕ್ಷಣದ ಕೆಲಸ.
ಕತ್ತರಿಸಿಲ್ಲ.